ಹುಳುವಿಗೂ ಮನುಷ್ಯರಿಗೂ ಒಂದೇ ಸೂರು

ದೇವನಹಳ್ಳಿ ಬಿಟ್ಟು ವಿಜಯಪುರದ ಕಡೆ ಹೊರಳುವ ಬಸ್ಸಿನ ಕಿಟಕಿಯಲ್ಲಿ ಹೊಲಗಳಿಗಿಂತ ಮೊದಲು ಕಣ್ಣಿಗೆ ಬೀಳುವುದು ಸೈಟಿನ ಬೋರ್ಡುಗಳು. 30×40, 30×50, ಕಂತಿನ ಸೌಲಭ್ಯ, ಬ್ಯಾಂಕ್ ಸಾಲ, ವಿಮಾನ ನಿಲ್ದಾಣ ಇಲ್ಲೇ ಪಕ್ಕದಲ್ಲಿ. ಕೆಲವು ಬೋರ್ಡುಗಳ ಮೇಲೆ ‘ಡಿಸಿ ಕನ್ವರ್ಷನ್ ಆಗಿದೆ’ ಎಂದಿರುತ್ತದೆ, ಇನ್ನು ಕೆಲವದರ ಮೇಲೆ ದಪ್ಪಕ್ಷರದಲ್ಲಿ ‘ಯೆಲ್ಲೋ ಝೋನ್’. ಬೋರ್ಡಿನ ಹಿಂದೆ ಕಲ್ಲು ನೆಟ್ಟ ಬಯಲು, ಒಂದು ಕಮಾನು, ಎರಡು ಸಾಲು ಒಣಗಿದ ಅಲಂಕಾರದ ಗಿಡ. ಅದರಾಚೆ ಯಾರದೋ ರಾಗಿ ಹೊಲ, ಇನ್ನೂ ಮಾರಾಟವಾಗದೆ ಉಳಿದದ್ದು.

ನಗರ ಯೋಜನೆಯ ನಕ್ಷೆಯಲ್ಲಿ ವಾಸದ ಜಾಗಕ್ಕೆ ಹಳದಿ, ಅಂಗಡಿಗೆ ನೀಲಿ, ಕೈಗಾರಿಕೆಗೆ ನೇರಳೆ, ಹೊಲಕ್ಕೂ ಪಾರ್ಕಿಗೂ ಹಸಿರಿನ ಛಾಯೆಗಳು. ಭೂಮಿ ಇದ್ದಲ್ಲೇ ಇರುತ್ತದೆ, ಮಣ್ಣೂ ಅದೇ, ನೀರೂ ಅದೇ. ಹಸಿರು ಹಳದಿಯಾದರೆ ಮಾತ್ರ ಎಕರೆಗಿದ್ದ ಬೆಲೆ ಚದರಡಿಗೆ ಇಳಿದು ಹತ್ತಾರು ಪಟ್ಟು ಏರುತ್ತದೆ. ಈ ಬಣ್ಣ ಹಚ್ಚುವವರು ಯಾರು, ಹಚ್ಚುವಾಗ ಯಾರನ್ನು ಕೇಳಿದರು? ಮನೆ ಯಾರಿಗೆ ಎಟುಕುತ್ತದೆ, ಯಾರಿಗೆ ಎಟುಕುವುದಿಲ್ಲ ಎಂಬುದು ಈ ಪ್ರಶ್ನೆಯ ಉತ್ತರದಲ್ಲಿದೆ.

ಬಸ್ಸು ಹೊರಟಿರುವುದು ಶಿಡ್ಲಘಟ್ಟಕ್ಕೆ. ಅಲ್ಲಿಂದ ಉತ್ತರಕ್ಕೆ ಹೋದರೆ ಸಾದಲಿ, ಅದೇ ತಾಲ್ಲೂಕಿನ ಹೋಬಳಿ ಕೇಂದ್ರ. ಬೆಂಗಳೂರಿನ ವಸತಿ ಪ್ರಶ್ನೆ ತಿಳಿಯಲು ಅಷ್ಟು ದೂರ ಹೋಗಬೇಕೆ ಎನಿಸಬಹುದು. ಹೋಗಬೇಕು. ಬೆಲೆಯ ಅಲೆ ಇನ್ನೂ ಪೂರ್ತಿ ಮುಟ್ಟದ ಊರಿನಲ್ಲಿ ನಿಂತು ನೋಡಿದರೆ ಅದು ಎಲ್ಲಿಂದ ಎದ್ದಿತು, ಎಲ್ಲಿ ತಡೆಯಬಹುದಿತ್ತು ಎಂಬುದು ತಿಳಿಯುತ್ತದೆ.

ಅಲೆ ಎದ್ದದ್ದು ತುಂಬ ಹಿಂದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರತರಲು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡವು. ಅಗಲ ರಸ್ತೆ, ಗಾಳಿ ಬೆಳಕು, ಮನೆ ಹಿಂದೆ ಕನ್ಸರ್ವೆನ್ಸಿ ಗಲ್ಲಿ. ಅಂದಿನ ಕಾಲಕ್ಕೆ ದೊಡ್ಡ ಸಾಧನೆ. ಆದರೆ ಆ ನಕ್ಷೆಯಲ್ಲೇ ಯಾವ ಜಾತಿಗೆ ಯಾವ ತುಂಡು ಎಂಬ ಹಂಚಿಕೆಯೂ ಇತ್ತು. ಹಳ್ಳಿಯಲ್ಲಿ ಊರು ಬೇರೆ, ಕೇರಿ ಬೇರೆ ಎಂದು ಬಾಯಿಮಾತಿನಲ್ಲಿ ನಡೆದುಬಂದದ್ದು ಇಲ್ಲಿ ಸರ್ಕಾರಿ ಕಾಗದದ ಮೇಲೆ ಗೆರೆಯಾಯಿತು. 1945ರಲ್ಲಿ ನಗರ ಸುಧಾರಣಾ ಮಂಡಳಿ (ಸಿಐಟಿಬಿ) ಬಂತು, 1961ರಲ್ಲಿ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಬಂತು, 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ). ಜಾತಿಯ ಗೆರೆ ಕಾಗದದಿಂದ ಅಳಿಯಿತು. ಅದರ ಜಾಗದಲ್ಲಿ ಸೈಟಿನ ಅಳತೆ, ಮನೆಯ ಸುತ್ತ ಬಿಡಬೇಕಾದ ಜಾಗ, ರಸ್ತೆಯ ಅಗಲ, ಯಾವ ವಲಯದಲ್ಲಿ ಯಾವ ಚಟುವಟಿಕೆ ಎಂಬ ನಿಯಮಗಳು ನಿಂತವು. ಎಲ್ಲವೂ ಒಳ್ಳೆಯ ಉದ್ದೇಶದವೇ. ಆದರೆ ಇವಿಷ್ಟನ್ನೂ ಪಾಲಿಸಿ ಮನೆ ಕಟ್ಟಲು ಬೇಕಾದ ದುಡ್ಡು ಗಾರೆ ಕೆಲಸದವರ ಹತ್ತಿರ ಇಲ್ಲ, ಮನೆಗೆಲಸದ ಹೆಣ್ಣುಮಕ್ಕಳ ಹತ್ತಿರ ಇಲ್ಲ, ಗಾರ್ಮೆಂಟ್ಸ್‌ನಲ್ಲಿ ಹೊಲಿಯುವವರ ಹತ್ತಿರವೂ ಇಲ್ಲ. ಅವರು ಹೋದದ್ದು ಹಸಿರು ಪಟ್ಟಿಯೊಳಗೆ ತಲೆಯೆತ್ತಿದ ರೆವಿನ್ಯೂ ಸೈಟುಗಳಿಗೆ. ಅಲ್ಲಿ ಕಟ್ಟಿದ ಮನೆಗೆ ಬಿ ಖಾತೆಯ ಹಣೆಪಟ್ಟಿ. ತಪ್ಪಿತಸ್ಥರೆಂಬ ಅಂಜಿಕೆಯಲ್ಲೇ ತೆರಿಗೆ ಕಟ್ಟುತ್ತ ಒಂದು ತಲೆಮಾರು ಕಳೆದಿದೆ.

2013ರ ಜನವರಿಯಲ್ಲಿ ಈಜಿಪುರದಲ್ಲಿ ನಡೆದದ್ದನ್ನು ಬೆಂಗಳೂರು ಬೇಗ ಮರೆಯಿತು. ಬಡವರಿಗಾಗಿ ಪಾಲಿಕೆಯೇ ಕಟ್ಟಿಸಿದ್ದ ವಸತಿ ಸಮುಚ್ಚಯ ಅದು. 2007ರಲ್ಲಿ ಒಂದು ಕಟ್ಟಡ ಕುಸಿಯಿತು. ಉಳಿದವನ್ನೂ ಕೆಡವಿದರು, ಜನ ಅಲ್ಲೇ ತಗಡಿನ ಶೆಡ್ಡಿಗೆ ಸರಿದರು. ಜಾಗ ಖಾಸಗಿ ಸಹಭಾಗಿತ್ವಕ್ಕೆ ಹೋಯಿತು, ಯೋಜನೆಯಲ್ಲಿ ಮಾಲ್ ಸೇರಿತು. ಕೊನೆಗೆ ಪೊಲೀಸರ ಕಾವಲಿನಲ್ಲಿ ಜೆಸಿಬಿ ಬಂದು ಸಾವಿರಕ್ಕೂ ಹೆಚ್ಚು ಕುಟುಂಬಗಳ ಶೆಡ್ಡು ನೆಲಸಮವಾದಾಗ ಅನೇಕರು ಎದುರಿನ ಫುಟ್‌ಪಾತಿನ ಮೇಲೆ ದಿನಗಟ್ಟಲೆ ಕುಳಿತರು. ನಗರದ ಹೊರವಲಯದ ಸೂಲಿಕುಂಟೆಯಲ್ಲಿ ಮನೆ ಕೊಡುತ್ತೇವೆಂಬ ಮಾತು ಬಂತು. ಕೋರಮಂಗಲದ ಮನೆಗಳಲ್ಲಿ ಪಾತ್ರೆ ತೊಳೆದು ಬದುಕುವ ಹೆಂಗಸಿಗೆ ಸೂಲಿಕುಂಟೆಯಲ್ಲಿ ಗೋಡೆ ಸಿಗಬಹುದು, ಅನ್ನ ಸಿಗುವುದಿಲ್ಲ. ಕೆಲಸದಿಂದ ದೂರವಾದ ಮನೆ ಬಡವರ ಪಾಲಿಗೆ ಮನೆಯೇ ಅಲ್ಲ. ಈ ಒಂದು ಮಾತನ್ನು ಮುಂದಿನ ದಾರಿಯುದ್ದಕ್ಕೂ ನೆನಪಿನಲ್ಲಿಟ್ಟುಕೊಳ್ಳಬೇಕು.

ನಕ್ಷೆಯ ಬಣ್ಣವನ್ನು ಜನ ಎದುರು ನಿಂತು ಪ್ರಶ್ನಿಸಿದ ನೆಲವೂ ಬಸ್ಸಿನ ಇದೇ ದಾರಿಯ ಆಸುಪಾಸಿನಲ್ಲಿದೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆಂದು ವಶಪಡಿಸಿಕೊಳ್ಳಲು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಹೊರಟಾಗ, 2022ರ ಏಪ್ರಿಲ್‌ನಲ್ಲಿ ರೈತರು ಧರಣಿ ಕುಳಿತರು. ಮಳೆ, ಬಿಸಿಲು, ಚುನಾವಣೆ, ಸರ್ಕಾರದ ಬದಲಾವಣೆ ಎಲ್ಲವೂ ಆ ಚಪ್ಪರದ ಮುಂದೆ ಹಾದುಹೋದವು. ಮೂರು ವರ್ಷ ದಾಟಿದ ಮೇಲೆ, 2025ರ ಜುಲೈ 15ರಂದು, ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಡುವುದಾಗಿ ಘೋಷಿಸಿದರು. ಇದು ಜಮೀನಿನ ಹೋರಾಟ, ವಸತಿಯ ಹೋರಾಟವಲ್ಲ ಎಂದು ಬೇರ್ಪಡಿಸುವವರಿದ್ದಾರೆ. ಆದರೆ ಆ ಹಳ್ಳಿಗಳಲ್ಲಿ ಹೊಲ ಹೋದರೆ ಮನೆ ಉಳಿದೂ ಪ್ರಯೋಜನವಿಲ್ಲ. ಅಲ್ಲಿನ ಹೆಂಗಸರು ಧರಣಿಯಲ್ಲಿ ಕೂತಿದ್ದು ಎರಡನ್ನೂ ಒಟ್ಟಿಗೆ ಉಳಿಸಿಕೊಳ್ಳಲು.

ವಿಜಯಪುರ ಹಿಂದೆ ಬಿದ್ದ ಮೇಲೆ ಬೋರ್ಡುಗಳು ವಿರಳವಾಗುತ್ತವೆ. ಮೇಲೂರಿನ ಆಸುಪಾಸಿನಲ್ಲಿ ಹಿಪ್ಪುನೇರಳೆ ಶುರು. ಸೊಂಟದೆತ್ತರದ ಕಡ್ಡಿಗಳ ಸಾಲು, ಅಲ್ಲಲ್ಲಿ ದ್ರಾಕ್ಷಿ ಚಪ್ಪರ, ಸೊಪ್ಪಿನ ಹೊರೆ ಕಟ್ಟಿಕೊಂಡು ಓಡುವ ಮೊಪೆಡ್ಡು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ರಾಮನಗರದ್ದರ ಜೊತೆಗೆ ದೇಶದ ಅತಿ ದೊಡ್ಡವುಗಳ ಸಾಲಿಗೆ ಸೇರಿದ್ದು. ಮಾರುಕಟ್ಟೆಯ ಗದ್ದಲ ಕಂಡವರಿಗೆ ಅದೇ ಊರಿನ ಜೀವ ಎನಿಸುತ್ತದೆ. ನಿಜವಾದ ಜೀವ ಇರುವುದು ಹಿಂದಿನ ಗಲ್ಲಿಗಳಲ್ಲಿ. ಅಲ್ಲಿ ಮುಂಬಾಗಿಲು ತೆರೆದರೆ ನೂಲು ಬಿಚ್ಚುವ ಘಟಕ, ಒಳಬಾಗಿಲು ತೆರೆದರೆ ಅಡುಗೆಮನೆ. ಬೇಸಿನ್ನಿನ ಬಿಸಿನೀರಿನಲ್ಲಿ ಗೂಡುಗಳು ತೇಲುತ್ತಿರುತ್ತವೆ. ಕಣ್ಣಿಗೂ ಸರಿಯಾಗಿ ಕಾಣದ ಎಳೆಯನ್ನು ಬೆರಳ ತುದಿಯಲ್ಲಿ ಹಿಡಿದು, ಇನ್ನಷ್ಟು ಗೂಡುಗಳ ಎಳೆ ಸೇರಿಸಿ, ರಾಟೆಗೆ ಏರಿಸುವ ಹೆಂಗಸರ ಕೈಬೆರಳು ದಿನವಿಡೀ ನೆನೆದು ಬಿಳುಚಿ ಸುಕ್ಕುಗಟ್ಟಿರುತ್ತದೆ. ಬೆಂದ ಹುಳುವಿನ ವಾಸನೆ ಗಲ್ಲಿಯ ಗಾಳಿಯಲ್ಲಿ ಸದಾ ಇರುತ್ತದೆ. ಇಲ್ಲಿ ಮಗು ತೊಟ್ಟಿಲಲ್ಲಿ ಮಲಗುವುದೂ ಮೋಟಾರು ತಿರುಗುವುದೂ ಒಂದೇ ಸೂರಿನಡಿ.

ವಲಯ ನಿಯಮದ ಕಣ್ಣಿನಲ್ಲಿ ಇಂಥ ಮನೆ ಒಂದು ಸಮಸ್ಯೆ. ವಾಸ ಹಳದಿಯಲ್ಲಿ, ಕೈಗಾರಿಕೆ ನೇರಳೆಯಲ್ಲಿ ಇರಬೇಕು. ಈ ವಿಂಗಡಣೆ ಎಲ್ಲಿಂದ ಬಂತೆಂದು ನೋಡಿದರೆ, ಅಮೆರಿಕದ ಒಹಾಯೊ ರಾಜ್ಯದ ಯೂಕ್ಲಿಡ್ ಎಂಬ ಊರು ನೆನಪಾಗುತ್ತದೆ. ಆ ಊರಿನ ಆಡಳಿತ ತನ್ನ ನೆಲವನ್ನು ವಲಯಗಳಾಗಿ ಹಂಚಿತು, ಒಂದು ರಿಯಲ್ ಎಸ್ಟೇಟ್ ಕಂಪನಿ ಕೋರ್ಟಿಗೆ ಹೋಯಿತು. 1926ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಊರಿನ ಪರ ತೀರ್ಪು ಕೊಟ್ಟಿತು. ಕಾರ್ಖಾನೆಯ ಹೊಗೆ ಮನೆಯ ಪಕ್ಕ ಬೇಡ ಎಂಬುದು ನ್ಯಾಯವೇ. ಆದರೆ ಅದೇ ತೀರ್ಪು ಒಂಟಿ ಮನೆಗಳ ನಡುವೆ ಏಳುವ ಬಾಡಿಗೆ ವಠಾರಗಳನ್ನು ಪರೋಪಜೀವಿಗಳೆಂದು ಕರೆಯಿತು. ಬಾಡಿಗೆಯವರೆಂದರೆ ಬಡವರು. ಹೊಗೆ ತಡೆಯಲು ಹುಟ್ಟಿದ ನಿಯಮ ಜನರನ್ನೂ ತಡೆಯತೊಡಗಿತು. ಅದೇ ದೇಶದ ಮಿನಿಯಾಪೊಲಿಸ್ ನಗರದಲ್ಲಿ ನಾಗರಿಕರು ಗುಂಪುಗೂಡಿ, ಸಭೆ ಸಭೆಗೂ ಬಂದು ವಾದಿಸಿದ ಮೇಲೆ 2018ರ ಡಿಸೆಂಬರಿನಲ್ಲಿ ಅಲ್ಲಿನ ಕೌನ್ಸಿಲ್, ಒಂದು ಸೈಟಿಗೆ ಒಂದೇ ಮನೆ ಎಂಬ ಕಟ್ಟುಪಾಡನ್ನು ತೆಗೆದು ಮೂರು ಮನೆಗಳವರೆಗೆ ಅವಕಾಶ ಕೊಡುವ ಯೋಜನೆಗೆ ಒಪ್ಪಿಗೆ ಕೊಟ್ಟಿತು.

ಬೆಂಗಳೂರಿನಲ್ಲಿ ವಾದ ಇದಕ್ಕಿಂತ ಸಿಕ್ಕುಸಿಕ್ಕಾದದ್ದು. 2007ರಲ್ಲಿ ಜಾರಿಗೆ ಬಂದ, 2015ರವರೆಗಿನ ಮಾಸ್ಟರ್ ಪ್ಲಾನ್ ವಸತಿ ಬೀದಿಗಳಲ್ಲಿ ಅಂಗಡಿ, ಕಚೇರಿಗಳಿಗೆ ಹೆಚ್ಚು ಅವಕಾಶ ಕೊಟ್ಟಿತು. ಬಡಾವಣೆಗಳ ನಿವಾಸಿಗಳು ಅದನ್ನು ವಿರೋಧಿಸಿ ಹೈಕೋರ್ಟಿಗೆ ಹೋದರು. ಪಬ್ಬಿನ ಸದ್ದಿಗೆ ನಿದ್ದೆಗೆಟ್ಟವರ ಸಂಕಟ ಸುಳ್ಳಲ್ಲ. 2017ರ ನವೆಂಬರಿನಲ್ಲಿ 2031ರವರೆಗಿನ ಕರಡು ನಕ್ಷೆ ಹೊರಬಿತ್ತು, ಸಾವಿರಾರು ಆಕ್ಷೇಪಣೆಗಳು ಬಂದವು, 2020ರಲ್ಲಿ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಇಷ್ಟೆಲ್ಲ ಗಲಾಟೆಯಲ್ಲಿ ಸೈಟು ಇರುವವರ ದನಿ ಚೆನ್ನಾಗಿ ಕೇಳಿಸಿತು. ಸೈಟು ಇಲ್ಲದವರು ಆಕ್ಷೇಪಣೆ ಸಲ್ಲಿಸಲು ಯಾವ ಸರ್ವೆ ನಂಬರ್ ಬರೆಯಬೇಕು?

ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವ ರೀಲರುಗಳಿಗೆ ಬೇಕಾಗಿರುವುದು ಮಾಲ್ ಕಟ್ಟುವ ಸ್ವಾತಂತ್ರ್ಯವಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಬೇಸಿನ್ ಇಟ್ಟುಕೊಂಡು ಬದುಕುವುದು ಕಾನೂನುಬದ್ಧ ಎಂಬ ಒಂದು ಸಾಲು, ಕೊಳಕು ನೀರು ಹರಿಯಲು ಸರಿಯಾದ ಚರಂಡಿ, ಹೊಗೆ ಮೇಲೆ ಹೋಗುವಂಥ ಚಿಮಣಿ. ಸಣ್ಣಪುಟ್ಟ ಗೃಹ ಕೈಗಾರಿಕೆಗೆ ನಿಯಮಗಳಲ್ಲಿ ಜಾಗವಿದ್ದರೂ ಬಾಯ್ಲರ್, ಸೌದೆ, ಮೋಟಾರು, ಹತ್ತಾರು ಕೂಲಿಯಾಳುಗಳ ಘಟಕ ಬಂದ ಕೂಡಲೇ ಆ ಜಾಗ ಸಾಲದಾಗುತ್ತದೆ. ಊರಾಚೆ ಕೈಗಾರಿಕಾ ಶೆಡ್ಡು ಕೊಡುತ್ತೇವೆ ಎಂಬುದು ಸುಲಭದ ಉತ್ತರ. ಮಧ್ಯಾಹ್ನ ಮಗುವಿಗೆ ಉಣ್ಣಿಸಿ ಮತ್ತೆ ರಾಟೆಗೆ ಕೂರುವ ತಾಯಿಗೆ ಅದು ಈಜಿಪುರದವರಿಗೆ ತೋರಿಸಿದ ಸೂಲಿಕುಂಟೆಯೇ.

ಸಾದಲಿಯ ಕಡೆ ಹೊರಟರೆ ನೆಲ ಒರಟಾಗುತ್ತದೆ. ಬಂಡೆ ಗುಡ್ಡ, ಜಾಲಿ, ನೀಲಗಿರಿ ತೋಪು, ಬತ್ತಿದ ಕೆರೆಯಂಗಳ. ಬಸ್ಸಿನೊಳಗಿನ ಮಾತು ಕನ್ನಡದಿಂದ ತೆಲುಗಿಗೆ, ತೆಲುಗಿನಿಂದ ಕನ್ನಡಕ್ಕೆ ಅರ್ಧ ವಾಕ್ಯದಲ್ಲೇ ಹೊರಳುತ್ತದೆ. ಹಳ್ಳಿಗಳಲ್ಲಿ ಮನೆ ಮುಂದೆ, ಜಗಲಿ ಮೇಲೆ, ರಸ್ತೆ ಅಂಚಿನಲ್ಲಿ ಬಿಸಿಲಿಗೆ ಒರಗಿಸಿದ ಚಂದ್ರಿಕೆಗಳು. ಬಿದಿರ ಚಾಪೆಯ ಮೇಲೆ ಸುರುಳಿ ಸುರುಳಿಯಾಗಿ ಬಿದಿರ ಪಟ್ಟಿ ಹೆಣೆದ ಆ ದೊಡ್ಡ ಚೌಕಟ್ಟುಗಳೇ ಈ ಸೀಮೆಯ ಗುರುತು.

ಮನೆಯೊಳಗೆ ಹುಳು ಸಾಕುವುದು ಎಂದರೇನು ಎಂಬುದನ್ನು ವಸತಿ ಯೋಜನೆ ರೂಪಿಸುವವರು ಹತ್ತಿರದಿಂದ ನೋಡಬೇಕು. ಚಾಕಿ ಹುಳು, ಅಂದರೆ ಎಳೆಯ ಹುಳು, ತಂದ ದಿನ ಎರಡು ತಟ್ಟೆಯಷ್ಟು ಜಾಗ ಸಾಕು. ಜ್ವರಕ್ಕೆ, ಅಂದರೆ ಪೊರೆ ಬಿಡುವ ನಿದ್ದೆಗೆ, ಕೂತು ಎದ್ದು, ಕೂತು ಎದ್ದು, ನಾಲ್ಕನೇ ಜ್ವರ ದಾಟಿದ ಮೇಲೆ ಹುಳುವಿಗೆ ಹಸಿವೋ ಹಸಿವು. ತಿನ್ನುವ ಸೊಪ್ಪಿನ ಬಹುಪಾಲು ಆ ಕೊನೆಯ ವಾರದಲ್ಲೇ ಖರ್ಚಾಗುತ್ತದೆ. ರಾತ್ರಿ ದೀಪ ಆರಿಸಿದರೆ ಒಳಗೆಲ್ಲ ಸಣ್ಣ ಮಳೆ ಹಿಡಿದಂಥ ಸದ್ದು. ನಡುಮನೆ ತುಂಬಿ, ಅಡುಗೆಮನೆಯ ಗೋಡೆಯವರೆಗೂ ಹುಳು ಹರಡಿದಾಗ ಮನೆಮಂದಿ ಹಾಸಿಗೆ ಸುತ್ತಿಕೊಂಡು ಜಗಲಿಗೆ ಬರುತ್ತಾರೆ. ಒಗ್ಗರಣೆಯ ಘಾಟು ಹುಳುವಿಗೆ ಆಗದು, ಬೀಡಿ ಹೊಗೆ ಆಗದು, ಸೊಳ್ಳೆಬತ್ತಿ ಆಗದು. ಚಳಿಗಾಲದಲ್ಲಿ ಹುಳುವಿಗೆ ಕಾವು ಬೇಕು, ಬೇಸಿಗೆಯಲ್ಲಿ ಗೋಣಿ ತೇವ ಮಾಡಿ ತಂಪು ಕೊಡಬೇಕು. ಹುಳು ಹಣ್ಣಾದಾಗ ಆರಿಸಿ ಚಂದ್ರಿಕೆಗೆ ಬಿಡಲು ಮನೆಯವರು, ನೆಂಟರು, ಶಾಲೆ ಬಿಟ್ಟ ಮಕ್ಕಳು ಎಲ್ಲರೂ ಸೇರಬೇಕು. ಜಮೀನಿರುವವರು ರೇಷ್ಮೆ ಇಲಾಖೆಯ ಸಹಾಯಧನ ಪಡೆದು ಪ್ರತ್ಯೇಕ ಹುಳುಮನೆ ಕಟ್ಟಿಸಿಕೊಂಡಿದ್ದಾರೆ. ಅದರಿಂದ ಬೆಳೆಯೂ ಸುಧಾರಿಸಿದೆ, ಮನೆಯೊಳಗಿನ ಬದುಕೂ ಸುಧಾರಿಸಿದೆ. ಗುಂಟೆ ಲೆಕ್ಕದ ಹಿಡುವಳಿಯವರಿಗೆ, ಸೊಪ್ಪು ಕೊಂಡು ಸಾಕುವವರಿಗೆ ಆ ಭಾಗ್ಯವಿಲ್ಲ.

2016ರಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯ ಮನೆಗೆ ಕನಿಷ್ಠ ವಿಸ್ತೀರ್ಣ 25 ಚದರ ಮೀಟರ್, ಅಡುಗೆ ಜಾಗವೂ ಸೇರಿ. ಅಂದರೆ ಸುಮಾರು 270 ಚದರಡಿ. ಬಯಲುಸೀಮೆಗೆ ಕೇಂದ್ರ ನಿಗದಿ ಮಾಡಿದ ಸಹಾಯಧನ 1.20 ಲಕ್ಷ ರೂಪಾಯಿ, ಜೊತೆಗೆ ಉದ್ಯೋಗ ಖಾತ್ರಿಯ ಕೂಲಿ. ಪಾಯ, ಗೋಡೆ, ಛಾವಣಿ ಎಂದು ಹಂತ ಹಂತಕ್ಕೆ ಫೋಟೊ ತೆಗೆದು ಕಳಿಸಿದ ಮೇಲೆ ಕಂತು ಬರುತ್ತದೆ. ಕಂತಿಗಾಗಿ ಕಾಯುತ್ತ ಲಿಂಟಲ್ ಮಟ್ಟದಲ್ಲಿ ನಿಂತ ಗೋಡೆಗಳು, ಅವುಗಳ ಮೇಲೆ ಕಂಬಿಯ ತುದಿಗಳು ಯಾವ ಹೋಬಳಿಗೆ ಹೋದರೂ ಕಾಣುತ್ತವೆ. ಕರ್ನಾಟಕಕ್ಕೆ ಈ ಹಾದಿ ಹೊಸದಲ್ಲ. ದೇವರಾಜ ಅರಸರ ಕಾಲದ ಜನತಾ ಮನೆಗಳಿಂದ ಆಶ್ರಯ ಯೋಜನೆಯವರೆಗೆ, 2000ದಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ವಸತಿ ನಿಗಮದವರೆಗೆ ಸರ್ಕಾರಗಳು ಬಡವರ ಮನೆಗೆ ದುಡ್ಡು ಸುರಿದಿವೆ, ಲಕ್ಷಾಂತರ ಕುಟುಂಬಗಳು ಗುಡಿಸಲಿನಿಂದ ಹೊರಬಂದಿವೆ. ಆ ಉಪಕಾರವನ್ನು ಕಡೆಗಣಿಸಬಾರದು. ಹಾಗೆಂದು ಹುಳು ಸಾಕುವ ಕುಟುಂಬಕ್ಕೂ ಕಟ್ಟಡ ಕೂಲಿಯ ಕುಟುಂಬಕ್ಕೂ ಒಂದೇ 270 ಚದರಡಿ ಕೊಟ್ಟು ಕೈತೊಳೆದುಕೊಳ್ಳುವುದು ಸರಿಯಲ್ಲ. ಹಿತ್ತಲಿಗೊಂದಿಷ್ಟು ಜಾಗ ಹೆಚ್ಚು ಕೊಟ್ಟರೆ ಆ ಮನೆ ತನ್ನ ಖರ್ಚನ್ನು ತಾನೇ ದುಡಿಯುತ್ತದೆ.

ಊರು ಕೇರಿಗಳ ನಡುವಿನ ಗೆರೆಯನ್ನು ಈ ಸೀಮೆಯಲ್ಲಿ ರಕ್ತದಲ್ಲಿ ಬರೆದದ್ದೂ ಇದೆ. ಪಕ್ಕದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಮನೆಯೊಳಗೇ ಸುಟ್ಟು ಕೊಂದರು. ಆರೋಪಿಗಳೆಲ್ಲ ಆಮೇಲೆ ಖುಲಾಸೆಯಾದರು. ಅಂದಿನ ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ದಲಿತ ಸಂಘರ್ಷ ಸಮಿತಿ ಅಷ್ಟು ಗಟ್ಟಿಯಾಗಿ ಬೇರೂರಿದ್ದರ ಹಿಂದೆ ಭೂಮಿ, ನಿವೇಶನ, ಮರ್ಯಾದೆ ಮೂರೂ ಒಂದೇ ಬೇಡಿಕೆಯಾಗಿದ್ದವು. ಇವತ್ತಿಗೂ ಹೊಸ ನಿವೇಶನ ಹಂಚುವಾಗ ಕೇರಿಯವರಿಗೆ ಊರ ಇನ್ನೊಂದು ತುದಿಯಲ್ಲಿ, ಕಾಲೋನಿ ಎಂಬ ಬೇರೆ ಹೆಸರಿನಲ್ಲಿ, ಜಾಗ ತೋರಿಸುವುದು ನಿಂತಿಲ್ಲ. ವಲಯ ಸುಧಾರಣೆ ಎಂಬ ಮಾತು ಹಳ್ಳಿಯಲ್ಲಿ ನಿಜವಾಗಬೇಕಾದರೆ ಮೊದಲು ಈ ಗೆರೆ ಮುರಿಯಬೇಕು. ಎಲ್ಲ ಜಾತಿಯವರ ಬಾಗಿಲೂ ಒಂದೇ ಬೀದಿಗೆ ತೆರೆಯುವಂತೆ ನಿವೇಶನ ಹಂಚಲು ಹೊಸ ಕಾಯ್ದೆ ಬೇಕಿಲ್ಲ.

ಇನ್ನು ಕಾಗದ. ಗ್ರಾಮಠಾಣಾ ಗಡಿ ಗುರುತಾದದ್ದು ಎಷ್ಟೋ ತಲೆಮಾರಿನ ಹಿಂದೆ. ಊರು ಬೆಳೆದು ಆ ಗಡಿ ದಾಟಿ ಗೋಮಾಳಕ್ಕೆ, ಖರಾಬಿಗೆ, ಯಾರದೋ ಹಿಡುವಳಿಗೆ ಕಾಲಿಟ್ಟಿತು. ಅಂಥ ಮನೆಗಳಿಗೆ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11-ಎ ಸಿಗುವುದಿಲ್ಲ. 11-ಬಿ ಸಿಕ್ಕರೂ ಬ್ಯಾಂಕು ಮೂಗು ಮುರಿಯುತ್ತದೆ. ಗ್ರಾಮಸಭೆಗಳಲ್ಲಿ ಈ ಮಾತು ಏಳದ ದಿನವಿಲ್ಲ.

“ಸಾರ್, ನಮ್ಮ ತಾತನ ಕಾಲದಿಂದ ಇಲ್ಲೇ ಇದೀವಿ, ಕರೆಂಟ್ ಬಿಲ್ ಕಟ್ತೀವಿ, ಕಂದಾಯ ಕಟ್ತೀವಿ. ಪತ್ರ ಯಾಕಿಲ್ಲ?”

“ಅಜ್ಜಿ, ನಿಮ್ ಮನೆ ಇರೋದು ಗೋಮಾಳದ ನಂಬರ್‌ನಲ್ಲಿ. ತಾಲ್ಲೂಕಾಫೀಸಲ್ಲಿ 94-ಸಿ ಅರ್ಜಿ ಹಾಕಿದ್ದೀರಾ?”

“ಹಾಕಿದ್ದೆ ಕಣಪ್ಪಾ. ಎಲ್ಲೋಯ್ತೋ ಏನೋ.”

ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಗಳನ್ನು ಸಕ್ರಮ ಮಾಡಲು ಭೂಕಂದಾಯ ಕಾಯ್ದೆಯ 94-ಸಿ ಇದೆ, ಪೇಟೆಗೆ 94-ಸಿಸಿ ಇದೆ. ಕಾಗೋಡು ತಿಮ್ಮಪ್ಪ ಕಂದಾಯ ಸಚಿವರಾಗಿದ್ದಾಗ, ಖಾಸಗಿ ಜಮೀನಿನಲ್ಲಿ ತಲೆಮಾರುಗಳಿಂದ ವಾಸವಿರುವ ಕೃಷಿ ಕಾರ್ಮಿಕರಿಗೆ ಹಕ್ಕು ಕೊಡುವ ಭೂಸುಧಾರಣೆಯ ತಿದ್ದುಪಡಿ ‘ವಾಸಿಸುವವನೇ ಮನೆಯೊಡೆಯ’ ಎಂಬ ಘೋಷಣೆಯೊಂದಿಗೆ ಬಂತು. ಅರಸರ ಭೂಸುಧಾರಣೆಯಲ್ಲಿ ಉಳುವವರಿಗೆ ಹೊಲ ಸಿಕ್ಕಿತ್ತು. ಹೊಲವೂ ಇಲ್ಲದವರಿಗೆ ಕನಿಷ್ಠ ನಿಂತ ನೆಲ ಸಿಗಲೆಂಬುದು ಇದರ ಆಶಯ. ಹಟ್ಟಿ, ತಾಂಡಾ, ಹಾಡಿಗಳನ್ನು ಕಂದಾಯ ಗ್ರಾಮಗಳಾಗಿಸುವ ಕೆಲಸವೂ ಅದರ ಬೆನ್ನಿಗೇ ನಡೆಯಿತು. 2025ರ ಮೇ 20ರಂದು ಹೊಸಪೇಟೆಯ ಸಮಾವೇಶದಲ್ಲಿ 1,11,111 ಹಕ್ಕುಪತ್ರಗಳ ವಿತರಣೆ ನಡೆಯಿತು. ಇವೆಲ್ಲ ಆಕಾಶದಿಂದ ಉದುರಿದವಲ್ಲ. ಕೊಡಗಿನ ದಿಡ್ಡಳ್ಳಿಯಲ್ಲಿ 2016ರ ಡಿಸೆಂಬರಿನಲ್ಲಿ 577 ಆದಿವಾಸಿ ಕುಟುಂಬಗಳ ಗುಡಿಸಲು ಕಿತ್ತಾಗ, ನೂರರ ಹತ್ತಿರದ ವಯಸ್ಸಿನ ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿ ಭೂಮಿ, ವಸತಿ ವಂಚಿತರ ಪರವಾಗಿ ಬೀದಿಗಿಳಿದಿದ್ದರು. ಸ್ವಾತಂತ್ರ್ಯ ಹೋರಾಟದ ಬೇಡಿಕೆ ಇನ್ನೂ ಪೂರ್ತಿಯಾಗಿಲ್ಲ ಎಂಬುದನ್ನು ಅವರು ತಮ್ಮ ಹಾಜರಿಯಿಂದಲೇ ಹೇಳಿದಂತಿತ್ತು.

ಸಾದಲಿಗೆ ಈಗ ಬೇಕಾದ ಹೋರಾಟ ಅಷ್ಟು ದೊಡ್ಡದಲ್ಲ, ಆದರೆ ಅಷ್ಟೇ ತುರ್ತಿನದು. ಇದೇ ತಾಲ್ಲೂಕಿನ ಜಂಗಮಕೋಟೆ ಹೋಬಳಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಎಕರೆಯನ್ನು ಕೈಗಾರಿಕೆಗೆ ತೆಗೆದುಕೊಳ್ಳುವ ಪ್ರಸ್ತಾಪದ ಮೇಲೆ ರೈತರು ಪರ ವಿರೋಧ ಎಂದು ಬೇರ್ಪಟ್ಟಿದ್ದಾರೆ. ಕೈಗಾರಿಕೆ ಬಂದರೆ ಕಾರ್ಮಿಕರು ಬರುತ್ತಾರೆ, ಅವರಿಗೆ ಬಾಡಿಗೆ ಮನೆ ಬೇಕಾಗುತ್ತದೆ, ಸೈಟಿನ ಬೋರ್ಡುಗಳು ಉತ್ತರಕ್ಕೆ ಸರಿಯುತ್ತವೆ. ಆಗ ಗೋಮಾಳದ ಮೇಲೆ ಎಲ್ಲರ ಕಣ್ಣು. ಸರ್ಕಾರಿ ಜಮೀನನ್ನು ನಿವೇಶನಕ್ಕೆಂದು ಕಾಯ್ದಿರಿಸುವ ಅಧಿಕಾರ ಜಿಲ್ಲಾಧಿಕಾರಿಗಿದೆ. ನಿವೇಶನ ರಹಿತರ ಪಟ್ಟಿ ಮಾಡುವ, ಫಲಾನುಭವಿಗಳನ್ನು ಆರಿಸುವ ಜಾಗ ಗ್ರಾಮಸಭೆ. ಪಟ್ಟಿಯ ಜೊತೆಗೆ ಸರ್ವೆ ನಂಬರ್ ಗುರುತಿಸಿ, ಹಿತ್ತಲಿಗೆ ಹುಳುಮನೆಯಷ್ಟು ಜಾಗ ಸೇರಿಸಿ, ಬಸ್ಸು ನಿಲ್ಲುವ ರಸ್ತೆಗೆ ಹತ್ತಿರದಲ್ಲಿ ಎಂದು ಬರೆದು ನಿರ್ಣಯ ಮಾಡಿದರೆ ತಹಶೀಲ್ದಾರರ ಮೇಜಿಗೆ ಬರುವ ಕಡತಕ್ಕೆ ತೂಕ ಬರುತ್ತದೆ. ಶಿಡ್ಲಘಟ್ಟ ಪೇಟೆಗೆ ಯೋಜನಾ ನಕ್ಷೆ ಪರಿಷ್ಕರಣೆಯಾಗುವಾಗಲೂ ಅಷ್ಟೆ. ಕರಡನ್ನು ಗೂಡಿನ ಮಾರುಕಟ್ಟೆಯ ಗೋಡೆಗೆ ಅಂಟಿಸಬೇಕು, ರೀಲರುಗಳ ಗಲ್ಲಿಯಲ್ಲಿ ಕನ್ನಡದಲ್ಲೂ ಉರ್ದುವಿನಲ್ಲೂ ಓದಿ ಹೇಳಬೇಕು, ಸೈಟು ಇಲ್ಲದ ಬಾಡಿಗೆದಾರರೂ ಆಕ್ಷೇಪಣೆ ಬರೆದುಕೊಡುವಂತೆ ಅಲ್ಲೇ ಒಂದು ಮೇಜು ಹಾಕಬೇಕು. ಸಾದಲಿ ಹೋಬಳಿಯಲ್ಲಿ ಜಮೀನಿನ ಮಾತು ಇನ್ನೂ ಎಕರೆ, ಗುಂಟೆಯಲ್ಲೇ ನಡೆಯುತ್ತಿದೆ. ಚದರಡಿಯ ಮಾತು ಬರುವುದರೊಳಗೆ ಈ ಅರ್ಜಿಗಳು ತಾಲ್ಲೂಕು ಕಚೇರಿಯಲ್ಲಿ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡಿರಬೇಕು, ಅಜ್ಜಿಯ ಹಳೆಯ 94-ಸಿ ಅರ್ಜಿಯೂ ಸೇರಿ.